ಲೈನ್ ಮನೆ ಹೆಂಗಸರ ಉಳಿತಾಯ ಸಂಘ: ಚರ್ಚ್ ಎಷ್ಟು ಕೈ ಹಾಕಬೇಕು?

(ಕೊಡಗಿನ ಬೇರೆ ಬೇರೆ ಊರಿನವರ ಮಾತುಕತೆ. ಮಾತಾಡೋರ ಹೆಸರಿನ ಬದಲು ಅವರ ಊರು ಕೊಟ್ಟಿದೆ.)

ಸಿದ್ದಾಪುರ: ಕಾಫಿ ತೋಟದ ಲೈನ್ ಮನೆಗಳ, ಅಂದ್ರೆ ಕೂಲಿಯವರ ಸಾಲು ಮನೆಗಳ, 12 ಹೆಂಗಸರು ಉಳಿತಾಯ ಸಂಘ ಶುರು ಮಾಡ್ತಿದ್ದಾರೆ. ಅರ್ಧ ಜನ ನಮ್ಮ ಚರ್ಚಿನವರು, ಉಳಿದವರು ಎರವ ಬುಡಕಟ್ಟಿನವರು. ಖಾತೆ ಚರ್ಚ್ ಹೆಸರಲ್ಲಿ ಇರಬೇಕಾ? ನಡೆಸಿದ ಅನುಭವ ಇರೋರು ಹೇಳಿ.

ಪಾಲಿಬೆಟ್ಟ: ಬೇಡವೇ ಬೇಡ. ಇಲ್ಲಿ ಹಾಗೇ ಇಟ್ಟಿದ್ದರು. ವಾರಕ್ಕೆ 50 ರೂಪಾಯಿ, 12 ಜನ, 26 ವಾರ: 15,600. ಅಷ್ಟರಲ್ಲಿ ಫಾದರ್‌ಗೆ ವರ್ಗ ಆಯ್ತು. ಹೊಸ ಸಹಿ ಬ್ಯಾಂಕಿಗೆ ಹೋಗೋಷ್ಟರಲ್ಲಿ ಜೂನ್ ಮುಗೀತು. ದುಡ್ಡು ಬ್ಯಾಂಕಲ್ಲೇ, ಮಕ್ಕಳ ನೋಟ್‌ಬುಕ್ಕಿಗೆ ನೂರಕ್ಕೆ ತಿಂಗಳಿಗೆ 10 ರೂಪಾಯಿ ಬಡ್ಡಿಯ ಕೈಸಾಲ. ಸಂಘದ ಹೆಸರಲ್ಲೇ ಖಾತೆ ಮಾಡಿ. ನಡಾವಳಿ ಪುಸ್ತಕದಲ್ಲಿ ಠರಾವು ಬರೆದು, ಮೂವರಲ್ಲಿ ಇಬ್ಬರ ಸಹಿ ಇಡಿ. ಸಂಘದ ಉಳಿತಾಯ ಖಾತೆಗೆ ಪದಾಧಿಕಾರಿಗಳ ಕೆವೈಸಿ (ಗುರುತು, ವಿಳಾಸದ ದಾಖಲೆ) ಸಾಕು ಅಂತ ರಿಸರ್ವ್ ಬ್ಯಾಂಕ್ ನಿಯಮವೇ ಇದೆ. ಎಲ್ಲರದ್ದೂ ಕೇಳಿದರೆ ಅದನ್ನೇ ತೋರಿಸಿ.

ಮಾದಾಪುರ: ಒಂದು ಸಹಿ ತಡ ಆಗಿದ್ದಕ್ಕೆ ಚರ್ಚನ್ನೇ ಹೊರಗಿಡೋದಾ? ನಮ್ಮ ಸಂಘ ಒಡೆದಿದ್ದು ಮನೆಯೊಳಗಿನಿಂದ. ಗಂಡಂದಿರಿಗೆ ಹೇಳದೆ ಶುರು ಮಾಡಿದ್ರು, ಮೂರನೇ ತಿಂಗಳಿಗೆ ಐದು ಪಾಸ್ ಪುಸ್ತಕ ಹರಿದಿತ್ತು. ಆಮೇಲೆ ಬಡವರಿಗೆ ನೆರವಾಗೋ ಕ್ಯಾಥೊಲಿಕ್ ಸಂಘಟನೆ ವಿನ್ಸೆಂಟ್ ದೆ ಪಾಲ್ ಸಭೆಯವರು ಇಬ್ಬಿಬ್ಬರಾಗಿ ಮನೆಮನೆಗೆ ಹೋದ್ರು. 1833ರಲ್ಲಿ ಪ್ಯಾರಿಸಿನಲ್ಲಿ ಶುರುವಾದಾಗಿಂದ ಆ ಸಭೆಯ ಮುಖ್ಯ ಕೆಲಸವೇ ಅದು. ಕೂಟವನ್ನ ಬಟವಾಡೆ ದಿನವೇ, ಕೂಲಿ ಕೈಗೆ ಬಂದ ಒಂದು ಗಂಟೆಯೊಳಗೆ ಇಟ್ಟರು. ಮಾರನೇ ದಿನಕ್ಕೆ ಇಟ್ಟರೆ ಅರ್ಧ ಮದ್ಯದ ಅಂಗಡಿಗೆ ಹೋಗಿರುತ್ತೆ.

ಪಾಲಿಬೆಟ್ಟ: ಮನೆಗೆ ಹೋಗಲಿ, ಬೇಡ ಅಂದೋರು ಯಾರು? ದುಡ್ಡು ಮುಟ್ಟೋದು ಬೇಡ ಅಂದೆ. ಪೂರ್ತಿ ಓದಿ ಮಾತಾಡಿ.

ಪೊನ್ನಂಪೇಟೆ: ಇಬ್ಬರೂ ಮಾರ್ಚ್ ಮರೆತಿದ್ದೀರಿ. ರೊಬಸ್ಟಾ ಕೊಯ್ಲು ಮುಗಿದ ಮೇಲೆ ನಾಲ್ಕು ಕುಟುಂಬ ಬೇರೆ ತೋಟಕ್ಕೆ ಹೋದವು, ಅದರಲ್ಲಿ ಎರಡರ ಮೇಲೆ 5,000ದಂತೆ ಸಾಲ. ಬಿಟ್ಟು ಹೋಗೋರ ಲೆಕ್ಕ ಮೊದಲ ಠರಾವಲ್ಲೇ ಬರೆಯಿರಿ: ಉಳಿತಾಯ, ಅದರ ಪಾಲಿನ ಬಡ್ಡಿ, ಅದರಿಂದ ಬಾಕಿ ಸಾಲ ಕಳೆದು ಉಳಿದದ್ದು. ಮೊದಲ ವರ್ಷ ಯಾರಿಗೂ ಅವರ ಉಳಿತಾಯದ ಎರಡು ಪಟ್ಟಿಗಿಂತ ಹೆಚ್ಚು ಸಾಲ ಬೇಡ.

ವಿರಾಜಪೇಟೆ: ಸಂಘದ ಜೊತೆಗೇ ಮಕ್ಕಳ ಜಾತಿ ಪ್ರಮಾಣಪತ್ರ ಮಾಡಿಸಿ. ಕ್ರೈಸ್ತರು ಅಂದ ಕೂಡಲೇ 3ಬಿ (ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿಯ ಒಂದು ಗುಂಪು) ಬರೆಸಿಬಿಡ್ತಾರೆ.

ಮಾದಾಪುರ: 3ಬಿ ತಾನೇ? ಅದರಲ್ಲೇನು ತಪ್ಪು?

ವಿರಾಜಪೇಟೆ: ಅದೇ ತಪ್ಪು! ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರು ಕರ್ನಾಟಕದಲ್ಲಿ ಪ್ರವರ್ಗ 1, ಅಂದ್ರೆ ಅದೇ ಪಟ್ಟಿಯ ಅತಿ ಹಿಂದುಳಿದ ಗುಂಪು. ಪರಿಶಿಷ್ಟ ಜಾತಿಗಳ ಬಗ್ಗೆ 1950ರ ರಾಷ್ಟ್ರಪತಿ ಆದೇಶದಿಂದ ಅವರಿಗೆ ಪರಿಶಿಷ್ಟ ಜಾತಿ ಸ್ಥಾನ ಸಿಗಲ್ಲ, ಆದ್ರೆ ಪ್ರವರ್ಗ 1 ಇದೆ. ಎರವರಿಗೆ ಧರ್ಮದ ಪ್ರಶ್ನೆಯೇ ಬರಲ್ಲ, ಯಾವ ಧರ್ಮದಲ್ಲಿದ್ದರೂ ಪರಿಶಿಷ್ಟ ಪಂಗಡವೇ. ತಿಳಿಯದೆ ಬರೆಸಿ ಮಕ್ಕಳ ವಿದ್ಯಾರ್ಥಿವೇತನ ಕಳೆದವರು ನಮ್ಮಲ್ಲೇ ಇದ್ದಾರೆ.

ಸಿದ್ದಾಪುರ: ಇಬ್ಬರು ತೋಟದ ಮುಂಗಡ ತೀರಿಸೋಕೆ ಸಂಘದಿಂದ ಸಾಲ ಕೇಳ್ತಿದ್ದಾರೆ. ಕೊಡಬಹುದಾ?

ಪೊನ್ನಂಪೇಟೆ: ಮೊದಲು ಕೇಳಿ, ಮುಂಗಡ ಇರೋದ್ರಿಂದ ಬೇರೆ ಕಡೆ ಕೆಲಸಕ್ಕೆ ಬಿಡ್ತಿಲ್ವಾ? ಹಾಗಿದ್ರೆ ಅದು ಜೀತ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಪ್ರಕಾರ ಆ ಸಾಲ ತೀರಿಸಬೇಕಾಗೇ ಇಲ್ಲ. ಉಪವಿಭಾಗಾಧಿಕಾರಿಗೆ ಅರ್ಜಿ ಕೊಟ್ಟು ಬಿಡುಗಡೆ ಪತ್ರ ತಗೊಳ್ಳಿ. ಅರ್ಜಿ ಹಿಡಿದು ಜೊತೆಗೆ ಹೋಗೋಕೆ ಫಾದರನ್ನ ಕರೀರಿ, ಚರ್ಚ್ ಬೇಕಿರೋದು ಅಲ್ಲಿ.