‘ಸುರಕ್ಷತಾ ಕಾರ್ಯಕ್ರಮ’ ಎಂದರೆ ಹಾರ, ಮೈಕ್, ಅತಿಥಿ: ಪ್ರಯೋಗಾಲಯದ ಕೆಲವು ಪದಗಳ ಬಗ್ಗೆ

ಬಳಗದ ಎಲ್ಲರಿಗೂ ನಮಸ್ಕಾರ.

ಪದವಿ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಪಾಠ ಮಾಡುತ್ತೇನೆ. ಪ್ರಯೋಗಾಲಯದ ಸುರಕ್ಷತೆಯ ಬಗ್ಗೆ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುವ ಕೆಲಸ ಈ ವರ್ಷ ನನ್ನ ಪಾಲಿಗೆ ಬಂದಿದೆ. ಅದನ್ನು ಓದಬೇಕಾದವರು ಕನ್ನಡ ಮಾಧ್ಯಮದಿಂದ ಬಂದ ಮೊದಲ ವರ್ಷದ ಮಕ್ಕಳು. ಜೊತೆಗೆ, ಬೀಕರ್ ತೊಳೆಯುವುದರಿಂದ ಹಿಡಿದು ಆಸಿಡ್ ಅಳೆದು ಕೊಡುವವರೆಗೆ ಎಲ್ಲವನ್ನೂ ಮಾಡುವ ನಮ್ಮ ಅಟೆಂಡರ್‌ಗಳು. ಬರೆಯಲು ಕುಳಿತರೆ ವಿಷಯಕ್ಕಿಂತ ಪದಗಳೇ ಹೆಚ್ಚು ಕಾಡುತ್ತಿವೆ.

ಮೊದಲ ಎಡವಟ್ಟು ಶೀರ್ಷಿಕೆಯಲ್ಲೇ ಆಯಿತು. ‘ಸೇಫ್ಟಿ ಪ್ರೋಗ್ರಾಂ ಮ್ಯಾನೇಜ್‌ಮೆಂಟ್’ ಎಂಬುದಕ್ಕೆ ‘ಸುರಕ್ಷತಾ ಕಾರ್ಯಕ್ರಮ ನಿರ್ವಹಣೆ’ ಎಂದು ಬರೆದು ಕಚೇರಿಗೆ ಟಿಪ್ಪಣಿ ಕಳುಹಿಸಿದೆ. ಎರಡು ದಿನ ಬಿಟ್ಟು ಗುಮಾಸ್ತರು ಬಂದರು. ‘ಮೇಡಂ, ಕಾರ್ಯಕ್ರಮ ಯಾವ ತಾರೀಕು? ಅತಿಥಿಗಳು ಎಷ್ಟು ಜನ? ಶಾಲು ತರಿಸಬೇಕೋ, ಪುಸ್ತಕ ಸಾಕೋ?’

ಅವರ ತಪ್ಪೇನೂ ಇಲ್ಲ. ನಮ್ಮಲ್ಲಿ ಕಾರ್ಯಕ್ರಮ ಎಂದರೆ ದೀಪ ಬೆಳಗಿಸಿ ಶುರುವಾಗಿ ವಂದನಾರ್ಪಣೆಯಲ್ಲಿ ಮುಗಿಯುವಂಥದ್ದು. ಅದಕ್ಕೆ ‘ನಿರ್ವಹಣೆ’ ಸೇರಿದರಂತೂ ಮೈಕ್ ಹಿಡಿದು ನಿಂತ ಉಪನ್ಯಾಸಕಿಯೇ ಕಣ್ಣ ಮುಂದೆ ಬರುತ್ತಾರೆ. ಪತ್ರಿಕೆಯ ವರದಿಗಳಲ್ಲಿ ‘ಕಾರ್ಯಕ್ರಮ ನಿರ್ವಹಿಸಿದರು’ ಎಂಬ ಕೊನೆಯ ಸಾಲು ಅವರದೇ ತಾನೆ. ಮಾರ್ಚ್ 4ರ ರಾಷ್ಟ್ರೀಯ ಸುರಕ್ಷತಾ ದಿನದಂದು ಪ್ರತಿಜ್ಞೆ ಬೋಧಿಸುವುದು ಕಾರ್ಯಕ್ರಮ, ಒಪ್ಪುತ್ತೇನೆ. ಆದರೆ ನಾನು ಹೇಳಹೊರಟದ್ದು ಮುಗಿಯದ ಕೆಲಸವನ್ನು. ಕಣ್ಣು ತೊಳೆಯುವ ನಲ್ಲಿಯನ್ನು ವಾರಕ್ಕೊಮ್ಮೆ ತಿರುಗಿಸಿ ನೀರು ಬರುತ್ತಿದೆಯೇ ನೋಡುವುದು, ಫ್ಯೂಮ್ ಹುಡ್ ಹೊಗೆಯನ್ನು ನಿಜಕ್ಕೂ ಎಳೆಯುತ್ತಿದೆಯೇ ಎಂದು ಪರೀಕ್ಷಿಸುವುದು, ಬೀರುವಿನ ಮೂಲೆಯಲ್ಲಿ ವರ್ಷಗಟ್ಟಲೆ ಕುಳಿತ ಈಥರ್ ಬಾಟಲಿಯನ್ನು ಹುಡುಕಿ ತೆಗೆಯಿಸುವುದು. ಹಳೆಯ ಈಥರ್‌ನಲ್ಲಿ ಪೆರಾಕ್ಸೈಡ್ ಕೂಡಿಕೊಂಡಿದ್ದರೆ ಮುಚ್ಚಳ ತಿರುಗಿಸಿದರೂ ಸಿಡಿಯಬಹುದು. ಅದಕ್ಕೆ ಯಾವ ಅತಿಥಿಯೂ ಬೇಕಾಗಿಲ್ಲ.

‘ಯೋಜನೆ’ ಎಂದು ಬದಲಿಸಿದರೆ ಅನುದಾನ ಎಷ್ಟು ಎಂಬ ಪ್ರಶ್ನೆ ಬರುತ್ತದೆ. ‘ವ್ಯವಸ್ಥೆ’ ಪರವಾಗಿಲ್ಲ, ಆದರೆ ಅದು ತಾನಾಗಿಯೇ ನಡೆಯುತ್ತದೆ ಎಂಬ ಭಾವನೆ ಕೊಡುತ್ತದೆ. ಸದ್ಯಕ್ಕೆ ‘ಪ್ರಯೋಗಾಲಯ ಸುರಕ್ಷತೆಯ ಉಸ್ತುವಾರಿ’ ಎಂದು ಬರೆದಿದ್ದೇನೆ. ಉಸ್ತುವಾರಿ ಎಂದೊಡನೆ ‘ಯಾರದು?’ ಎಂಬ ಪ್ರಶ್ನೆ ಏಳುತ್ತದಲ್ಲ, ಅದೇ ನನಗೆ ಬೇಕಾದದ್ದು. ಜಿಲ್ಲಾ ಉಸ್ತುವಾರಿ ಸಚಿವರ ನೆನಪು ಬರುತ್ತದೆ ಎಂದು ಸಹೋದ್ಯೋಗಿಯೊಬ್ಬರು ನಕ್ಕರು. ಬರಲಿ ಬಿಡಿ.

ಎರಡನೆಯದು ‘ಕೆಮಿಕಲ್ ಹೈಜೀನ್’. ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಸ್ಥೆಯಾದ ಓಶಾ 1990ರಲ್ಲಿ ಪ್ರಯೋಗಾಲಯಗಳಿಗೆಂದೇ ನಿಯಮ ತಂದಾಗ, ಪ್ರತಿ ಸಂಸ್ಥೆಗೂ ‘ಕೆಮಿಕಲ್ ಹೈಜೀನ್ ಪ್ಲಾನ್’, ಅಂದರೆ ರಾಸಾಯನಿಕಗಳಿಂದ ಕೆಲಸಗಾರರ ಆರೋಗ್ಯ ಕೆಡದಂತೆ ಕಾಯುವ ಲಿಖಿತ ಯೋಜನೆ ಇರಬೇಕು, ಅದಕ್ಕೊಬ್ಬ ಅಧಿಕಾರಿ ಇರಬೇಕು ಎಂದಿತು. ನನ್ನ ಕೈಗೆ ಬಂದ ಮಾದರಿ ಕೈಪಿಡಿಯಲ್ಲೂ ಆ ಪದವೇ ಇದೆ. ‘ರಾಸಾಯನಿಕ ನೈರ್ಮಲ್ಯ’ ಎಂದರೆ ನಮ್ಮ ಅಟೆಂಡರ್‌ಗೆ ಹೊಳೆಯುವುದು ಫಿನಾಯಿಲ್ ಮತ್ತು ಚರಂಡಿ. ತಮಾಷೆಯೆಂದರೆ, ಈ ಪದ ಇಂಗ್ಲಿಷಿನಲ್ಲೂ ಇಕ್ಕಟ್ಟಿನದೇ. 2010ರ ಜನವರಿಯಲ್ಲಿ ಟೆಕ್ಸಾಸ್ ಟೆಕ್ ವಿಶ್ವವಿದ್ಯಾಲಯದಲ್ಲಿ ನಿಕಲ್ ಹೈಡ್ರಜೀನ್ ಪರ್ಕ್ಲೋರೇಟ್ ಸಿಡಿದು ಸಂಶೋಧನಾ ವಿದ್ಯಾರ್ಥಿಯೊಬ್ಬರು ಮೂರು ಬೆರಳು ಕಳೆದುಕೊಂಡರು. 100 ಮಿಲಿಗ್ರಾಂ ಮೀರಬಾರದು ಎಂಬ ಮಾತಿದ್ದಲ್ಲಿ ಸುಮಾರು 10 ಗ್ರಾಂ ತಯಾರಾಗಿತ್ತು. ತನಿಖೆ ಮಾಡಿದ ಅಲ್ಲಿನ ರಾಸಾಯನಿಕ ಸುರಕ್ಷತಾ ಮಂಡಳಿ 2011ರ ವರದಿಯಲ್ಲಿ ಹೇಳಿದ್ದರಲ್ಲಿ ಒಂದು ಇದು: ಓಶಾ ನಿಯಮದ ಕಣ್ಣು ರಾಸಾಯನಿಕ ಮೈಗೆ ಸೋಕಿ, ಉಸಿರಿಗೆ ಸೇರಿ ಆರೋಗ್ಯ ಕೆಡುವುದರ ಮೇಲಿತ್ತೇ ಹೊರತು ಸ್ಫೋಟದಂಥ ಭೌತಿಕ ಅನಾಹುತದ ಮೇಲಿರಲಿಲ್ಲ. ಹೈಜೀನ್ ಎಂದು ಹೆಸರಿಟ್ಟ ಮೇಲೆ ಸ್ಫೋಟ ಯಾರಿಗೆ ನೆನಪಾಗಬೇಕು? ಹಾಗಾಗಿ ನೈರ್ಮಲ್ಯವನ್ನು ಪೂರ್ತಿ ಕೈಬಿಟ್ಟಿದ್ದೇನೆ.

ಅದೇ ವರದಿಯಿಂದ ಎದ್ದ ಮೂರನೆಯ ಪದ ನನಗೆ ಎಲ್ಲಕ್ಕಿಂತ ಮುಖ್ಯ. ಅಲ್ಲಿ ಹಿಂದೆಯೂ ಇಂಥ ಘಟನೆಗಳು ನಡೆದಿದ್ದವು, ಆದರೆ ಅವುಗಳ ಪಾಠ ಸರಿಯಾಗಿ ದಾಖಲಾಗಿ ಎಲ್ಲರಿಗೂ ತಲುಪಿರಲಿಲ್ಲ. ಅನಾಹುತ ಆಗಬೇಕಿದ್ದು ಸ್ವಲ್ಪದರಲ್ಲಿ ಆಗದೆ ಹೋದರೆ ಅದನ್ನು ಇಂಗ್ಲಿಷಿನವರು ‘ನಿಯರ್ ಮಿಸ್’ ಎನ್ನುತ್ತಾರೆ. ನಮ್ಮ ಪ್ರಯೋಗಾಲಯದ ವಹಿಯಲ್ಲಿ ‘ಅಪಘಾತದ ವಿವರ’ ಎಂಬ ಕಲಂ ಇದೆ. ಪುಟ ತಿರುಗಿಸಿದರೆ ಮೇಲಿನಿಂದ ಕೆಳಗಿನವರೆಗೆ ಹಿರಿಯ ಅಟೆಂಡರ್‌ರ ದುಂಡನೆಯ ಅಕ್ಷರದಲ್ಲಿ ‘ಇಲ್ಲ’, ‘ಇಲ್ಲ’, ‘ಇಲ್ಲ’. ‘ಹೋದ ತಿಂಗಳು ಹಾಟ್‌ಪ್ಲೇಟ್ ಪಕ್ಕ ಅಸಿಟೋನ್ ಚೆಲ್ಲಿ ಭಗ್ಗೆಂದು ಹೊತ್ತಿಕೊಂಡಿತಲ್ಲ?’ ಎಂದು ಕೇಳಿದೆ. ‘ಅದು ಅಪಘಾತ ಹೇಗಾಗುತ್ತದೆ ಮೇಡಂ? ಒದ್ದೆ ಗೋಣಿ ಹಾಕಿದೆ, ಆರಿತು. ಯಾರಿಗೂ ಏನೂ ಆಗಲಿಲ್ಲವಲ್ಲ’ ಎಂದರು.

ಕನ್ನಡದಲ್ಲಿ ಇದಕ್ಕೆ ಮಾತಿಲ್ಲ ಎಂದಲ್ಲ. ‘ತಪ್ಪಿದ ಭಾರೀ ಅನಾಹುತ’ ಎಂಬ ತಲೆಬರಹವನ್ನು ನಾವೆಲ್ಲ ಎಷ್ಟು ಸಲ ಓದಿಲ್ಲ! ‘ಕೂದಲೆಳೆಯಲ್ಲಿ ಪಾರು’ ಎಂಬುದೂ ಇದೆ. ಆದರೆ ಎರಡರಲ್ಲೂ ನಿಟ್ಟುಸಿರು ಇದೆ, ದೇವರು ದೊಡ್ಡವನು ಎಂಬ ಧಾಟಿ ಇದೆ. ವಹಿಯಲ್ಲಿ ಬರೆದಿಡಬೇಕು ಎನಿಸುವುದಿಲ್ಲ. ಕಲಂಗೆ ‘ಸ್ವಲ್ಪದರಲ್ಲಿ ತಪ್ಪಿದ್ದು’ ಎಂದು ಹೆಸರಿಡೋಣವೇ ಎಂಬ ಯೋಚನೆ ಇದೆ. ‘ತಪ್ಪಿದ್ದು’ ಎಂದರೆ ‘ತಪ್ಪು ಮಾಡಿದ್ದು’ ಎಂದು ಓದಿಕೊಂಡು ಯಾರೂ ಬರೆಯದೆ ಹೋದಾರೇನೋ ಎಂಬ ಅಳುಕೂ ಇದೆ.

ಕೊನೆಗೆ ಹ್ಯಾಜಾರ್ಡ್ ಮತ್ತು ರಿಸ್ಕ್. ನಮ್ಮ ನಿಘಂಟುಗಳು ಎರಡನ್ನೂ ‘ಅಪಾಯ’ಕ್ಕೆ ತಂದು ನಿಲ್ಲಿಸುತ್ತವೆ. ಟ್ರಾನ್ಸ್‌ಫಾರ್ಮರ್‌ಗೆ ನೇತುಹಾಕಿದ ತಲೆಬುರುಡೆಯ ಫಲಕ ನಮಗೆಲ್ಲ ಕಲಿಸಿರುವುದು, ಅಪಾಯ ಎಂದರೆ ಹತ್ತಿರ ಹೋಗಬೇಡ ಎಂದು. ಪ್ರಯೋಗಾಲಯದಲ್ಲಿ ಹತ್ತಿರ ಹೋಗಲೇಬೇಕು, ದಿನವೂ ಮುಟ್ಟಬೇಕು. ಮಕ್ಕಳಿಗೆ ಬಾವಿಯ ಮಾತು ಹೇಳಿ ವಿವರಿಸುತ್ತೇನೆ: ಬಾವಿಯ ಆಳ ಹ್ಯಾಜಾರ್ಡ್, ಕಟ್ಟೆಯಿಲ್ಲದ ಬಾವಿಯ ಪಕ್ಕ ಕತ್ತಲಲ್ಲಿ ನಡೆಯುವುದು ರಿಸ್ಕ್. ಕಟ್ಟೆ ಕಟ್ಟಿದರೆ ಆಳವೇನೂ ಕಡಿಮೆಯಾಗುವುದಿಲ್ಲ. ಗಂಧಕಾಮ್ಲ ಬೀರುವಿನಲ್ಲಿದ್ದರೂ ಮೇಜಿನ ಅಂಚಿನಲ್ಲಿದ್ದರೂ ಅದರ ಹುಟ್ಟುಗುಣ ಒಂದೇ. ಈ ಹುಟ್ಟುಗುಣಕ್ಕೆ ‘ಕೇಡುಗುಣ’ ಎಂದು ಕರೆದು, ‘ಅಪಾಯ’ವನ್ನು ರಿಸ್ಕ್‌ಗೆ ಮಾತ್ರ ಮೀಸಲಿಡಬಹುದೇ? ‘ಕೇಡುಗುಣ’ ಎಂದರೆ ಯಾರದೋ ನಡತೆಯ ಬಗ್ಗೆ ಹೇಳಿದಂತೆ ಕೇಳಿಸುತ್ತದೆ ಎಂದು ಮನೆಯಲ್ಲಿ ಆಕ್ಷೇಪ ಬಂದಿದೆ.

ಹೊಸದಾಗಿ ಪದ ಟಂಕಿಸುವವರಿಗಿಂತ ಕೆಲಸದ ಜಾಗದಲ್ಲಿ ಕೇಳಿದ್ದನ್ನು ಹೇಳುವವರ ಉತ್ತರ ನನಗೆ ಹೆಚ್ಚು ಬೇಕಾಗಿದೆ. ಕಾರ್ಖಾನೆ, ಗಣಿ, ಆಸ್ಪತ್ರೆಯ ಲ್ಯಾಬ್‌ಗಳಲ್ಲಿ ದುಡಿದವರು ಇಲ್ಲಿದ್ದೀರಿ. ಏನೋ ಆಗಬೇಕಿತ್ತು, ಆಗದೆ ಹೋಯಿತು ಎಂಬುದನ್ನು ನಿಮ್ಮಲ್ಲಿ ಏನೆನ್ನುತ್ತಿದ್ದರು? ಯಾವ ಜಿಲ್ಲೆಯ ಮಾತು ಎಂದೂ ತಿಳಿಸಿ. ವಹಿಯ ಹೊಸ ಕಲಂ ಸದ್ಯಕ್ಕೆ ಪೆನ್ಸಿಲ್‌ನಲ್ಲಿದೆ.