ಸುಟ್ಟ ಗಾಯಕ್ಕೆ ಹಾಕುವ ಕರಗುವ ಹಾಳೆ: ನಿಮ್ಮ ಪ್ರಶ್ನೆ, ಪ್ಲಾಸ್ಟಿಕ್ ಸರ್ಜನ್ ಉತ್ತರ

ಪ್ರಶ್ನೆ (ಹಾಸನ): ಮೇಡಂ, ನಮಸ್ಕಾರ. ಸ್ಟವ್ ಬೆಂಕಿ ತಗುಲಿ ನಮ್ಮಕ್ಕನ ಬಲಗೈ ಮೊಣಕೈಯಿಂದ ಮುಂಗೈವರೆಗೆ ಆಳವಾಗಿ ಸುಟ್ಟಿದೆ. ಸತ್ತ ಚರ್ಮ ತೆಗೆದು ಇಂಟೆಗ್ರಾ ಅನ್ನೋ ಹಾಳೆ ಹಾಕೋಣ, ಆಮೇಲೆ ತೊಡೆಯಿಂದ ತೆಳ್ಳಗೆ ಚರ್ಮ ತೆಗೆದು ಮೇಲೆ ಹಾಕೋಣ ಅಂತ ಡಾಕ್ಟರು ಹೇಳಿದ್ದಾರೆ. ಹಾಳೆ ಒಳಗೇ ಕರಗಿ ಹೋಗುತ್ತಂತೆ. ಕರಗಿ ಹೋಗೋದಕ್ಕೆ ಅಷ್ಟೊಂದು ದುಡ್ಡು ಯಾಕೆ? ನೇರವಾಗಿ ತೊಡೆ ಚರ್ಮವನ್ನೇ ಹಾಕಬಾರದಾ? ನಾನು ಗಾರೆ ಕೆಲಸದವನು, ಸ್ವಲ್ಪ ಬಿಡಿಸಿ ಹೇಳಿ.

ಉತ್ತರ: ನಮಸ್ಕಾರ. ಒಳ್ಳೆಯ ಪ್ರಶ್ನೆ ಕೇಳಿದ್ದೀರಿ. ದುಡ್ಡು ಕಟ್ಟುವ ಮೊದಲು ಇದನ್ನು ಎಲ್ಲರೂ ಕೇಳಬೇಕು.

ಚರ್ಮದಲ್ಲಿ ಮುಖ್ಯವಾಗಿ ಎರಡು ಪದರ. ಮೇಲಿನದು ಎಪಿಡರ್ಮಿಸ್, ಕೆಳಗಿನ ದಪ್ಪನೆಯದು ಡರ್ಮಿಸ್. ಚರ್ಮ ಬಗ್ಗುವುದು, ಹಿಗ್ಗುವುದು ಈ ಡರ್ಮಿಸ್‌ನಿಂದ. ಅದು ಪೂರ್ತಿ ಸುಟ್ಟು ಹೋದರೆ ಮತ್ತೆ ಬೆಳೆಯುವುದಿಲ್ಲ. ಆ ಜಾಗವನ್ನು ದೇಹ ಗಟ್ಟಿ ಕಲೆಯಿಂದ ತುಂಬುತ್ತದೆ. ಕಲೆ ಎಳೆದುಕೊಳ್ಳುತ್ತಾ ಹೋದರೆ ಕೈ ಮಡಚಿದಂತೆಯೇ ನಿಂತುಬಿಡಬಹುದು. ತೊಡೆಯಿಂದ ತೆಗೆಯುವ ತೆಳು ಚರ್ಮದಲ್ಲಿ ಡರ್ಮಿಸ್ ಇರುವುದು ತೀರಾ ಕಮ್ಮಿ. ಅದನ್ನೇ ನೇರ ಹಾಕಿದರೆ ಗಾಯ ಮುಚ್ಚುತ್ತದೆ, ಆದರೆ ಮೊಣಕೈ, ಮಣಿಕಟ್ಟಿನ ಹತ್ತಿರ ಎಳೆತ ಬರುವ ಸಾಧ್ಯತೆ ಜಾಸ್ತಿ.

ಅದಕ್ಕೇ ಈ ಹಾಳೆ. ಇದನ್ನು ರೂಪಿಸಿದವರು ಬಾಸ್ಟನ್ನಿನ ಸರ್ಜನ್ ಜಾನ್ ಬರ್ಕ್ ಮತ್ತು ಅಲ್ಲಿನ ಎಂಐಟಿ ತಾಂತ್ರಿಕ ವಿಶ್ವವಿದ್ಯಾಲಯದ ವಿಜ್ಞಾನಿ ಯಾನಿಸ್ ಯಾನಸ್. ಅಮೆರಿಕದಲ್ಲಿ 1996ರಲ್ಲಿ ಅನುಮತಿ ಸಿಕ್ಕಿತು. ಕೆಳಗಿನ ಪದರ ಸ್ಪಂಜಿನಂಥದ್ದು. ದನದ ಸ್ನಾಯುರಜ್ಜುವಿನ ಕೊಲ್ಯಾಜನ್ ಅನ್ನುವ ಪ್ರೋಟೀನು ಮತ್ತು ಶಾರ್ಕ್ ಮೃದ್ವಸ್ಥಿಯಿಂದ ಬರುವ ಕಾಂಡ್ರಾಯ್ಟಿನ್ ಸಲ್ಫೇಟ್ ಸೇರಿಸಿ ಮಾಡಿದ್ದು. ಮೇಲೆ ತೆಳು ಸಿಲಿಕೋನ್. ಹೊಸ ಮೇಲ್ಪದರ ಬರುವವರೆಗೆ ಗಾಯ ಒಣಗದಂತೆ ಅದು ಕಾಯುತ್ತದೆ.

ಸ್ಪಂಜಿನ ತುಂಬ ಕಣ್ಣಿಗೆ ಕಾಣದ ರಂಧ್ರಗಳಿವೆ. ಅಕ್ಕನ ಮೈಯ ಜೀವಕೋಶಗಳು, ಸಣ್ಣ ರಕ್ತನಾಳಗಳು ಅದರೊಳಗೆ ನುಗ್ಗುತ್ತವೆ. ಹಳೆಯ ಕೊಲ್ಯಾಜನ್ ಅನ್ನು ಅರಗಿಸುತ್ತಾ ತಮ್ಮದೇ ಕೊಲ್ಯಾಜನ್ ನೇಯುತ್ತವೆ. ಸುಮಾರು ಮೂರು ವಾರದಲ್ಲಿ ಹೊಸ ಡರ್ಮಿಸ್ ತಯಾರಾಗುತ್ತದೆ. ಕೆಂಪಗಿದ್ದ ಹಾಳೆ ನಸುಗೆಂಪಾಗಿ, ಆಮೇಲೆ ತಿಳಿಹಳದಿಗೆ ತಿರುಗುತ್ತದೆ. ಸಿಲಿಕೋನ್ ಸುಕ್ಕುಗಟ್ಟಿ ಸಲೀಸಾಗಿ ಬಿಡಿಸಿಕೊಳ್ಳುತ್ತದೆ. ಆಗ ಅದನ್ನು ತೆಗೆದು ತೊಡೆ ಚರ್ಮ ಹಾಕುತ್ತೇವೆ. ಕೆಳಗೆ ಡರ್ಮಿಸ್ ಬಂದಿರುವುದರಿಂದ 0.1ರಿಂದ 0.15 ಮಿ.ಮೀ.ನಷ್ಟು ತೆಳು ಚರ್ಮ ಸಾಕು. ತೊಡೆಯ ಗಾಯವೂ ಬೇಗ ಮಾಯುತ್ತದೆ.

ಇನ್ನು ಕರಗುವ ಮಾತು. ನೀವು ಗಾರೆ ಕೆಲಸದವರು, ಸೆಂಟ್ರಿಂಗ್ ಬೇಗ ಬಿಚ್ಚಿದರೆ ಏನಾಗುತ್ತದೆ ಅಂತ ನಿಮಗೆ ನಾನು ಹೇಳಬೇಕಿಲ್ಲ. ಇದೂ ಹಾಗೇ, ಕೆಲವೇ ದಿನದಲ್ಲಿ ಕರಗಿದರೆ ಜೀವಕೋಶಗಳಿಗೆ ಆಸರೆಯೇ ಇರುವುದಿಲ್ಲ. ಕರಗದೆ ಕೂತರೂ ಕಷ್ಟ: ದೇಹ ಅದನ್ನು ಹೊರಗಿನ ವಸ್ತು ಅಂತ ಬಗೆದು ಸುತ್ತ ಕಲೆ ಕಟ್ಟುತ್ತದೆ. ಆದ್ದರಿಂದ ಕೊಲ್ಯಾಜನ್ ಎಳೆಗಳನ್ನು ಗ್ಲೂಟರಾಲ್ಡಿಹೈಡ್ ಅನ್ನುವ ರಾಸಾಯನಿಕದಿಂದ ಒಂದಕ್ಕೊಂದು ಬೆಸೆದು, ಕರಗುವ ವೇಗವನ್ನು ಗಾಯ ಮಾಯುವ ವೇಗಕ್ಕೆ ಹೊಂದಿಸುತ್ತಾರೆ. ನೀವು ದುಡ್ಡು ಕೊಡುತ್ತಿರುವುದು ಮುಖ್ಯವಾಗಿ ಈ ಹೊಂದಾಣಿಕೆಗೆ.

ಆದರೂ ಎಲ್ಲ ಸುಟ್ಟ ಗಾಯಕ್ಕೂ ಇದು ಬೇಡ. ಕೀಲಿನ ಮೇಲೆ, ಆಳವಾಗಿ ಸುಟ್ಟಿದ್ದರೆ ಖರ್ಚು ಸಾರ್ಥಕ. ಬೆವರು ಗ್ರಂಥಿ, ಕೂದಲು ವಾಪಸ್ ಬರುವುದಿಲ್ಲ, ಅದನ್ನೂ ತಿಳಿದಿರಿ. ದೊಡ್ಡ ಶತ್ರು ಸೋಂಕು. ಹಾಳೆ ಕೆಳಗೆ ಕೀವು ಅಥವಾ ನೀರು ತುಂಬಿದರೆ, ವಾಸನೆ ಬಂದರೆ, ಜ್ವರ ಬಂದರೆ ಅವತ್ತೇ ತೋರಿಸಿ. ಹೇಗಿದೆ ನೋಡೋಣ ಅಂತ ಮನೆಯಲ್ಲಿ ಬ್ಯಾಂಡೇಜ್ ಎತ್ತಲೇಬೇಡಿ.

ಪ್ರಶ್ನೆ (ಉಡುಪಿ): ದನದ್ದು ಅಂದ್ರೆ ನಮ್ಮ ಮನೆಯಲ್ಲಿ ಹಿರಿಯರು ಒಪ್ಪಲ್ಲ ಮೇಡಂ. ಬೇರೆ ಏನಾದ್ರೂ ಇದೆಯಾ?

ಉತ್ತರ: ಇದೆ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲೇ ಇದನ್ನು ಹೇಳಿ, ಸಂಕೋಚ ಬೇಡ. ಹೇಳಬೇಕಾದ್ದು ನಮ್ಮ ಕರ್ತವ್ಯ ಕೂಡ. ಆಸ್ಟ್ರೇಲಿಯಾದಲ್ಲಿ ರೂಪುಗೊಂಡ ನೋವೊಸಾರ್ಬ್ ಬಿಟಿಎಂ ಪಾಲಿಯುರೆಥೇನ್ ಫೋಮ್‌ನಿಂದ ಮಾಡಿದ್ದು. ಅದರಲ್ಲಿ ಪ್ರಾಣಿಯ ಅಂಶವೇ ಇಲ್ಲ. ನಿಧಾನವಾಗಿ, ಸುಮಾರು ಒಂದೂವರೆ ವರ್ಷದಲ್ಲಿ ಕರಗುತ್ತದೆ. ನಮ್ಮ ದೇಶದಲ್ಲೇ, ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯವರು ಕೋಲಿಡರ್ಮ್ ಅಂತ ಒಂದನ್ನು ಮಾಡಿದ್ದಾರೆ. ಅದು ಹಂದಿಯ ಪಿತ್ತಕೋಶದಿಂದ ಜೀವಕೋಶಗಳನ್ನು ತೆಗೆದು ಮಾಡಿದ ಪೊರೆ. ಹಂದಿ ಬೇಡ ಅನ್ನುವವರಿಗೆ ಅದೂ ಆಗುವುದಿಲ್ಲ.

ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಸ್ಕಿನ್ ಬ್ಯಾಂಕ್ ಇದೆ. ತೀರಿಕೊಂಡವರ ಮನೆಯವರು ದಾನ ಕೊಟ್ಟ ಚರ್ಮ ಅಲ್ಲಿರುತ್ತದೆ. ಅದು ಕೆಲವು ವಾರದ ತಾತ್ಕಾಲಿಕ ಹೊದಿಕೆ ಅಷ್ಟೇ, ಆದರೆ ಮೈ ತುಂಬ ಸುಟ್ಟವರ ಜೀವ ಉಳಿಸುತ್ತದೆ. ದಾನದ ಬಗ್ಗೆ ದಯವಿಟ್ಟು ಮನೆಯಲ್ಲಿ ಮಾತಾಡಿ.

ಪ್ರಶ್ನೆ (ರಾಮನಗರ): ನಾವು ರೀಲರ್‌ಗಳು, ಗೂಡಿನಿಂದ ನೂಲು ತೆಗೆಯೋರು. ರೇಷ್ಮೆಯಿಂದಲೂ ಇಂಥದ್ದು ಮಾಡ್ತಾರೆ ಅಂತ ಕೇಳಿದ್ದೆ. ನಿಜಾನಾ?

ಉತ್ತರ: ನಿಜ. ಸೋಡಾ ನೀರಲ್ಲಿ ಕುದಿಸಿ ಅಂಟು, ಅಂದರೆ ಸೆರಿಸಿನ್ ತೆಗೆದರೆ ಉಳಿಯುವುದು ಫೈಬ್ರಾಯಿನ್ ಅನ್ನುವ ರೇಷ್ಮೆ ಪ್ರೋಟೀನು. ಅದನ್ನು ಲಿಥಿಯಂ ಬ್ರೋಮೈಡ್ ಅನ್ನುವ ಉಪ್ಪಿನ ದ್ರಾವಣದಲ್ಲಿ ಕರಗಿಸಿ, ಆ ಉಪ್ಪು ಹೋಗುವಂತೆ ಶುದ್ಧಮಾಡಿ, ಹೆಪ್ಪುಗಟ್ಟಿಸಿ ಒಣಗಿಸಿದರೆ ಸ್ಪಂಜು ಸಿಗುತ್ತದೆ. ಗಟ್ಟಿ, ಮೈಗೂ ಒಗ್ಗುತ್ತದೆ. ಎಷ್ಟು ಬೇಗ ಕರಗಬೇಕು ಅನ್ನುವುದನ್ನೂ ತಯಾರಿಸುವಾಗಲೇ ಬದಲಾಯಿಸಬಹುದು. ನಮ್ಮ ರಾಜ್ಯದ ಗೂಡಿಗೆ ಇಂಥ ಬೆಲೆ ಬರಲಿ ಅಂತ ನನಗೂ ಆಸೆ. ಆದರೆ ಗೂಡನ್ನೋ ಅದರ ಪುಡಿಯನ್ನೋ ಯಾರೂ ಗಾಯಕ್ಕೆ ಹಚ್ಚಬೇಡಿ.

ಪ್ರಶ್ನೆ (ಬಯೋಟೆಕ್ ವಿದ್ಯಾರ್ಥಿನಿ): ಪಿಎಲ್‌ಜಿಎ ಯಾಕೆ ಬಳಸಬಾರದು ಮೇಡಂ?

ಉತ್ತರ: ಬಳಸುತ್ತಾರಮ್ಮ. ಪಿಎಲ್‌ಜಿಎ ಅಂದರೆ ಮೈಯೊಳಗೆ ಕರಗುವ ಒಂದು ಕೃತಕ ಪಾಲಿಮರ್. ನಾವು ದಿನಾ ಹಾಕುವ ವಿಕ್ರಿಲ್ ಹೊಲಿಗೆ ದಾರ ಅದೇ ಕುಟುಂಬದ್ದು. ನೀರು ತಾಗಿ ಒಡೆದು ಲ್ಯಾಕ್ಟಿಕ್, ಗ್ಲೈಕೋಲಿಕ್ ಆಮ್ಲ ಆಗುತ್ತದೆ. ದಪ್ಪ ಸ್ಕ್ಯಾಫೋಲ್ಡ್, ಅಂದರೆ ಜೀವಕೋಶಗಳಿಗೆ ಆಸರೆಯಾಗುವ ಸ್ಪಂಜು, ಆದರೆ ಆ ಆಮ್ಲ ಒಂದೇ ಕಡೆ ಶೇಖರವಾಗಿ ಉರಿಯೂತ ತರಬಹುದು. ಜೀವಕೋಶಗಳು ಹಿಡಿದುಕೊಳ್ಳಲು ಕೊಲ್ಯಾಜನ್‌ನಲ್ಲಿರುವಂಥ ಗುರುತುಗಳೂ ಅದರಲ್ಲಿಲ್ಲ. ಅದಕ್ಕೇ ಎರಡನ್ನೂ ಬೆರೆಸಿ ನೋಡುತ್ತಾರೆ. ಪ್ರಾಜೆಕ್ಟ್ ಮಾಡುವುದಾದರೆ ಪಿಎಚ್, ಅಂದರೆ ಆಮ್ಲೀಯತೆ ಅಳೆಯುವುದನ್ನು ಬಿಡಬೇಡ.

ಪ್ರಶ್ನೆ (ಹಾಸನ): ಮನೆಯಲ್ಲಿ ಎಲ್ಲರೂ ಕೂತು ಮಾತಾಡಿದ್ವಿ ಮೇಡಂ, ಹಾಕಿಸ್ತೀವಿ. ಆಮೇಲೆ ಅಕ್ಕ ಯಾವಾಗಿಂದ ಕೈ ಆಡಿಸಬಹುದು?

ಉತ್ತರ: ತೊಡೆ ಚರ್ಮ ಹಾಕಿದ ಮೇಲೆ ಅದು ಹಿಡಿಯುವವರೆಗೆ ಸ್ಪ್ಲಿಂಟ್‌ನಲ್ಲಿ ಕೈ ಅಲ್ಲಾಡದಂತೆ ಇಡುತ್ತಾರೆ, ಹೆಚ್ಚುಕಡಿಮೆ ಒಂದು ವಾರ. ಡಾಕ್ಟರು ಹೂಂ ಅಂದ ದಿನದಿಂದಲೇ ಫಿಜಿಯೋಥೆರಪಿ ಶುರುಮಾಡಿ, ನೋವಾಗುತ್ತೆ ಅಂತ ಬಿಡಿಸಬೇಡಿ. ಗಾಯ ಪೂರ್ತಿ ಮುಚ್ಚಿದ ಮೇಲೆ ಬಿಗಿಯಾದ ಪ್ರೆಷರ್ ಗಾರ್ಮೆಂಟ್ ಕೊಡುತ್ತಾರೆ. ಸ್ನಾನದ ಹೊತ್ತು ಬಿಟ್ಟು ಹಗಲೂ ರಾತ್ರಿ ಹಾಕಬೇಕು, ಹಲವು ತಿಂಗಳು. ಬೇಸಿಗೆಯಲ್ಲಿ ಸೆಕೆ, ತುರಿಕೆ ತುಂಬ ಇರುತ್ತದೆ. ಎರಡು ಜೊತೆ ಹೊಲಿಸಿಕೊಳ್ಳಿ, ಒಂದು ಒಗೆದಾಗ ಇನ್ನೊಂದು ಇರಲಿ.