ಬಲೆ ಎಳೆಯುವಾಗ ಎಂಜಿನ್ ಬಿಸಿ: ಥರ್ಮೋಸ್ಟಾಟ್ ತೆಗೆದುಹಾಕುವುದು ಪರಿಹಾರವೇ?

ಮಲ್ಪೆ ಟ್ರಾಲ್ ಬೋಟ್
ನಮ್ಮ ಟ್ರಾಲ್ ಬೋಟಿನಲ್ಲಿ ಆರು ಸಿಲಿಂಡರಿನ ಡೀಸೆಲ್ ಎಂಜಿನ್ ಇದೆ. ಒಳಗಡೆ ಕೂಲಂಟ್ ಬೆರೆಸಿದ ಸಿಹಿನೀರು ಸುತ್ತುತ್ತದೆ, ಅದನ್ನು ಹೀಟ್ ಎಕ್ಸ್‌ಚೇಂಜರಿನಲ್ಲಿ ಸಮುದ್ರದ ನೀರು ತಣಿಸುತ್ತದೆ. ದಕ್ಕೆಯಿಂದ ಹೊರಟು ಮೀನಿನ ಜಾಗ ತಲುಪುವವರೆಗೂ ಮೀಟರ್ 80 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತದೆ. ಬಲೆ ಎಳೆಯಲು ಆರಂಭಿಸಿದ ಅರ್ಧ ಗಂಟೆಯೊಳಗೆ 95 ದಾಟುತ್ತದೆ. ಕಳೆದ ತಿಂಗಳು ಸಮುದ್ರದ ನೀರಿನ ಪಂಪಿನ ಇಂಪೆಲ್ಲರ್ (ನೀರು ತಳ್ಳುವ ರಬ್ಬರ್ ರೆಕ್ಕೆಗಳ ಚಕ್ರ) ಬದಲಾಯಿಸಿದ್ದೇವೆ, ಹಳೆಯದರಲ್ಲಿ ಎರಡು ರೆಕ್ಕೆಗಳು ಮುರಿದಿದ್ದವು. ಥರ್ಮೋಸ್ಟಾಟ್ (ನೀರು ಬಿಸಿಯಾದಾಗ ತೆರೆದುಕೊಂಡು ಅದನ್ನು ಎಕ್ಸ್‌ಚೇಂಜರಿಗೆ ಬಿಡುವ ಕವಾಟ) ತೆಗೆದುಬಿಡಿ, ಆಸಿಡ್ ಹಾಕಿ ತೊಳೆಯಿರಿ ಎಂದು ಒಬ್ಬರು ಸಲಹೆ ಕೊಟ್ಟಿದ್ದಾರೆ. ಜೂನ್ 1ರಿಂದ ಮೀನುಗಾರಿಕೆ ನಿಷೇಧ ಆರಂಭವಾಗುವುದರಿಂದ ನಮಗೆ ಉಳಿದಿರುವುದು ಎರಡೇ ವಾರ. ಬಲ್ಲವರು ದಯವಿಟ್ಟು ತಿಳಿಸಬೇಕು.

ಬಂದರಿನ ಮೆಕ್ಯಾನಿಕ್
ನಾನು ಇದೇ ಕೆಲಸದಲ್ಲಿ ತಲೆ ನರೆಸಿಕೊಂಡವನು. ಥರ್ಮೋಸ್ಟಾಟ್ ಬೇಕಾಗುವುದು ಚಳಿಯ ದೇಶಗಳಲ್ಲಿ. ನಮ್ಮ ಕರಾವಳಿಯಲ್ಲಿ ಅದು ನೀರಿನ ದಾರಿಗೆ ಅಡ್ಡವೇ ಹೊರತು ಸಹಾಯವಲ್ಲ. ನಡುಸಮುದ್ರದಲ್ಲಿ ಅದು ಮುಚ್ಚಿಕೊಂಡು ಕಚ್ಚಿಕೊಂಡರೆ ಬೋಟನ್ನು ಇನ್ನೊಬ್ಬರು ಎಳೆದು ತರಬೇಕಾಗುತ್ತದೆ. ನಾನು ಎಷ್ಟೋ ಬೋಟುಗಳಲ್ಲಿ ತೆಗೆದಿದ್ದೇನೆ, ಯಾರೂ ದೂರು ಹೇಳಿಲ್ಲ.

ಎಂಜಿನ್ ರೂಮ್
ಮೆಕ್ಯಾನಿಕ್ ಅಣ್ಣನವರ ಅನುಭವಕ್ಕೆ ನನಗೆ ಗೌರವವಿದೆ, ಆದರೆ ಈ ಮಾತನ್ನು ಒಪ್ಪಲಾರೆ. ಸಮುದ್ರದ ನೀರೇ ನೇರವಾಗಿ ಬ್ಲಾಕಿನೊಳಗೆ ಹರಿಯುವ ಎಂಜಿನ್ನುಗಳನ್ನು 60 ಡಿಗ್ರಿಯ ಒಳಗೇ ಇಟ್ಟುಕೊಳ್ಳಬೇಕು, ಏಕೆಂದರೆ ಅದಕ್ಕಿಂತ ಬಿಸಿಯಾದರೆ ಉಪ್ಪು ಮತ್ತು ಸುಣ್ಣದಂಶ ಒಳಗೋಡೆಗಳ ಮೇಲೆ ಕಟ್ಟತೊಡಗುತ್ತದೆ. ಅಂಥ ಎಂಜಿನ್ ತಣ್ಣಗಿದ್ದಷ್ಟೂ ಒಳ್ಳೆಯದು ಎಂಬ ನಂಬಿಕೆ ಅಲ್ಲಿಂದ ಬಂದಿರಬಹುದು. ಒಳಗೆ ಸಿಹಿನೀರು ಸುತ್ತುವ ಎಂಜಿನ್ನಿನ ವಿಷಯವೇ ಬೇರೆ. ಅದನ್ನು 80ರಿಂದ 85 ಡಿಗ್ರಿಯಲ್ಲಿ ದುಡಿಯಲೆಂದೇ ರೂಪಿಸಿರುತ್ತಾರೆ. ಸದಾ ತಣ್ಣಗೆ ಓಡಿಸಿದರೆ ಡೀಸೆಲ್ ಪೂರ್ತಿ ಉರಿಯದೆ ಸ್ವಲ್ಪ ಎಂಜಿನ್ ಆಯಿಲ್‌ಗೆ ಇಳಿಯುತ್ತದೆ, ಇಂಧನದ ಗಂಧಕದಿಂದ ಹುಟ್ಟುವ ಆಮ್ಲ ಸಿಲಿಂಡರಿನ ಒಳಗೋಡೆಯಾದ ಲೈನರಿನ ಮೇಲೆ ಹನಿಗಟ್ಟಿ ಅದನ್ನು ತಿನ್ನುತ್ತದೆ. ಈ ಸವೆತ ಒಂದೆರಡು ಋತುಗಳಲ್ಲಿ ಕಣ್ಣಿಗೆ ಬೀಳದಿರುವುದರಿಂದಲೇ ಯಾರೂ ದೂರು ಹೇಳುವುದಿಲ್ಲ.

ಇನ್ನೊಂದು ಅಪಾಯವೂ ಇದೆ. ಅನೇಕ ಎಂಜಿನ್ನುಗಳ ಥರ್ಮೋಸ್ಟಾಟ್ ಎಕ್ಸ್‌ಚೇಂಜರಿನ ದಾರಿಯನ್ನು ತೆರೆಯುವಾಗಲೇ ಎಕ್ಸ್‌ಚೇಂಜರನ್ನು ಬಿಟ್ಟು ನೀರು ನೇರವಾಗಿ ಪಂಪಿಗೆ ಮರಳುವ ಬೈಪಾಸಿನ ದಾರಿಯನ್ನು ಮುಚ್ಚುತ್ತದೆ. ಅದನ್ನು ತೆಗೆದುಹಾಕಿದರೆ ಬೈಪಾಸ್ ತೆರೆದೇ ಉಳಿಯುತ್ತದೆ, ಬಿಸಿನೀರಿನ ಒಂದು ಪಾಲು ತಣಿಯದೆಯೇ ಪಂಪಿಗೆ ಮರಳುತ್ತದೆ, ಬಲೆ ಎಳೆಯುವ ಹೊತ್ತಿಗೆ ಎಂಜಿನ್ ಮೊದಲಿಗಿಂತಲೂ ಹೆಚ್ಚು ಬಿಸಿಯಾಗುತ್ತದೆ. ಅನುಮಾನವಿದ್ದರೆ ಥರ್ಮೋಸ್ಟಾಟನ್ನು ದಾರ ಕಟ್ಟಿ ನೀರಿನ ಪಾತ್ರೆಯೊಳಗೆ ತೂಗುಬಿಟ್ಟು ಒಲೆಯ ಮೇಲಿಡಿ. ಅದರ ಮೇಲೆ ಅಚ್ಚಾದ ಡಿಗ್ರಿಯ ಹತ್ತಿರ ಬಾಯಿ ಬಿಟ್ಟರೆ ಸರಿಯಿದೆ, ಬಿಡದಿದ್ದರೆ ಹೊಸದನ್ನು ಹಾಕಿ.

ಮಲ್ಪೆಯವರೇ, ನಿಮ್ಮ ಪ್ರಶ್ನೆಯೊಳಗೇ ಉತ್ತರವಿದೆ ಎಂದು ನನಗನ್ನಿಸುತ್ತದೆ. ಮುರಿದ ಆ ಎರಡು ರೆಕ್ಕೆಗಳು ಎಲ್ಲಿ? ಎಕ್ಸ್‌ಚೇಂಜರಿನಲ್ಲಿ ಸಿಕ್ಕಿಕೊಂಡಿರಬಹುದು. ಎಂಜಿನ್ ಸುಟ್ಟ ಡೀಸೆಲಿನ ಶಕ್ತಿಯಲ್ಲಿ ಸುಮಾರು ಮೂರನೇ ಒಂದು ಪಾಲು ತಂಪು ನೀರಿಗೆ ಸೇರುತ್ತದೆ. ಖಾಲಿ ಓಡುವಾಗ ಸುಡುವ ಡೀಸೆಲ್ ಕಡಿಮೆಯಾದ್ದರಿಂದ ಅರ್ಧ ಕಟ್ಟಿಕೊಂಡ ಎಕ್ಸ್‌ಚೇಂಜರೂ ಸಾಕಾಗುತ್ತದೆ, ಬಲೆಯ ಭಾರ ಬಿದ್ದಾಗ ಸಾಕಾಗುವುದಿಲ್ಲ.

ಗಂಗೊಳ್ಳಿ ತಾಂಡೇಲ
ಎಂಜಿನ್ ರೂಮ್ ಅವರು ಹೇಳಿದ್ದು ನಮ್ಮ ಬೋಟಿನಲ್ಲೇ ಆಗಿದೆ. ಹೊಸ ಇಂಪೆಲ್ಲರ್ ಹಾಕಿ ನಿಶ್ಚಿಂತರಾಗಿದ್ದೆವು, ಹಳೆಯ ರಬ್ಬರ್ ಚೂರುಗಳು ಎಕ್ಸ್‌ಚೇಂಜರಿನ ಕೊಳವೆಗಳ ಬಾಯಲ್ಲಿ ಕೂತಿದ್ದವು. ಇಂಪೆಲ್ಲರ್ ನೀರಿಲ್ಲದೆ ಒಂದೆರಡು ನಿಮಿಷ ತಿರುಗಿದರೂ ಹಾಳಾಗುತ್ತದೆ. ಆದ್ದರಿಂದ ಜಾಲರಿಗೆ ಪ್ಲಾಸ್ಟಿಕ್ ಚೀಲ ಸಿಕ್ಕಿಕೊಂಡಿತ್ತೇ, ಸಮುದ್ರದ ನೀರು ಒಳಬರುವ ಕವಾಟ (ಸೀ ಕಾಕ್) ಮುಚ್ಚಿದಂತೆಯೇ ಎಂಜಿನ್ ಸ್ಟಾರ್ಟ್ ಮಾಡಿದ್ದರೇ ಎಂದು ಹುಡುಗರನ್ನು ಕೇಳಿ ನೋಡಿ. ಕಾರಣ ಉಳಿದರೆ ಹೊಸ ಇಂಪೆಲ್ಲರೂ ಉಳಿಯದು.

ಆಸಿಡಿನ ಬಗ್ಗೆ ಮಾತ್ರ ಕೇಳಬೇಕೆಂದಿದ್ದೇನೆ. ಎಲ್ಲರೂ ಶೌಚಾಲಯ ತೊಳೆಯುವ ಆಸಿಡನ್ನೇ ಸುರಿಯುತ್ತಾರೆ. ಅದು ಸರಿಯೇ?

ಬಂದರಿನ ಮೆಕ್ಯಾನಿಕ್
ಬೈಪಾಸಿನ ಮಾತು ನಿಜ, ಎಂಜಿನ್ ನೋಡದೆ ನಾನು ಹಾಗೆ ಹೇಳಬಾರದಿತ್ತು. ಆಸಿಡಿನ ವಿಷಯದಲ್ಲಿ ಮಾತ್ರ ಅದು ಸರಿ ಎಂದೇ ನನ್ನ ಮಾತು. ಕೊಳವೆಯೊಳಗೆ ಕಲ್ಲಿನಂತೆ ಕಟ್ಟಿದ ಪದರವನ್ನು ನೀರು ಕರಗಿಸುವುದಿಲ್ಲ. ನೀರು ಬೆರೆಸಿದ ಆಸಿಡ್ ಹಾಕಿದರೆ ನೊರೆಯೆದ್ದು ಪದರ ಬಿಡುತ್ತದೆ.

ಎಂಜಿನ್ ರೂಮ್
ನೊರೆ ಬರುವುದು ಸುಣ್ಣದ ಪದರ ಕರಗುತ್ತಿರುವುದರ ಗುರುತು ಹೌದು. ತಾಮ್ರ ಮತ್ತು ನಿಕಲ್ ಬೆರೆತ ಲೋಹದ ಕೊಳವೆಗಳನ್ನು ಬಿಚ್ಚಿ, ತೆಳುವಾದ ಆಸಿಡಿನಲ್ಲಿ ಸ್ವಲ್ಪ ಹೊತ್ತು ಮಾತ್ರ ಇಟ್ಟು, ಅಡುಗೆ ಸೋಡಾದ ನೀರಿನಿಂದ ತೊಳೆದರೆ ಹಾನಿ ಕಡಿಮೆ. ಆದರೆ ಅನೇಕ ಎಕ್ಸ್‌ಚೇಂಜರುಗಳ ಹೊರಕವಚ ಅಲ್ಯುಮಿನಿಯಂ, ಅದನ್ನು ಈ ಆಸಿಡ್ ನೇರವಾಗಿ ತಿನ್ನುತ್ತದೆ. ಅಲ್ಲಿಯೂ ನೊರೆ ಬರುವುದರಿಂದ ಪದರ ಹೋಗುತ್ತಿದೆಯೆಂದು ನಂಬಿ ಲೋಹವನ್ನೇ ಕಳೆದುಕೊಳ್ಳುತ್ತೇವೆ. ಸಿಟ್ರಿಕ್ ಆಸಿಡ್ ನಿಧಾನ, ಆದರೆ ಸೌಮ್ಯ. ಏನೇ ಆಗಲಿ, ರಬ್ಬರ್ ಚೂರನ್ನು ಯಾವ ಆಸಿಡೂ ಕರಗಿಸುವುದಿಲ್ಲ. ಮೊದಲು ಮುಚ್ಚಳ ಬಿಚ್ಚಿ ಕಣ್ಣಿನಿಂದ ನೋಡಬೇಕು. ಎಂಜಿನ್ ಪೂರ್ತಿ ತಣಿಯುವವರೆಗೆ ಮಾತ್ರ ಯಾವ ಮುಚ್ಚಳಕ್ಕೂ ಕೈ ಹಾಕಬೇಡಿ.

ಮಂಗಳೂರು ಹಳೆ ಬಂದರು
ನಿಷೇಧದ 61 ದಿನಗಳ ಬಗ್ಗೆ ಯಾರೂ ಹೇಳಲಿಲ್ಲವಲ್ಲ ಎಂದು ಬರೆಯುತ್ತಿದ್ದೇನೆ. ಮಳೆಗಾಲದಲ್ಲಿ ಅಳಿವೆಯ ನೀರು ಸಿಹಿಯಾಗುತ್ತದೆ, ಆಗಾಗ ಎಂಜಿನ್ ಓಡಿಸಿದರೆ ಉಪ್ಪು ತಾನಾಗಿ ತೊಳೆದುಹೋಗುತ್ತದೆ ಎಂದು ನಮ್ಮಲ್ಲಿ ಅನೇಕರು ನಂಬಿದ್ದಾರೆ. ನೇತ್ರಾವತಿ, ಫಲ್ಗುಣಿಗಳು ಆಷಾಢದಲ್ಲಿ ತರುವ ನೀರನ್ನು ಒಂದು ಗಾಜಿನ ಲೋಟದಲ್ಲಿ ಹಿಡಿದಿಟ್ಟು ಮರುದಿನ ತಳ ನೋಡಿ. ಆ ಕೆಸರು ಕೊಳವೆಗಳಲ್ಲಿ ಕೂರುತ್ತದೆ, ಮರಳು ಇಂಪೆಲ್ಲರನ್ನೂ ಪಂಪಿನ ಮುಚ್ಚಳವನ್ನೂ ಸವೆಸುತ್ತದೆ. ಶುದ್ಧವಾದ ಬಾವಿನೀರಿನಿಂದ ಸಮುದ್ರದ ನೀರಿನ ದಾರಿಯನ್ನು ತೊಳೆದು, ಪೂರ್ತಿ ಬಸಿದು, ಇಂಪೆಲ್ಲರನ್ನು ಹೊರತೆಗೆದಿಡುವುದು ಮೇಲು. ಒಂದೇ ಭಂಗಿಯಲ್ಲಿ ಎರಡು ತಿಂಗಳು ಮಡಿಸಿಕೊಂಡಿದ್ದರೆ ಅದರ ರೆಕ್ಕೆಗಳು ಮತ್ತೆ ನೆಟ್ಟಗಾಗುವುದಿಲ್ಲ. ಮರಳಿ ಹಾಕುವಾಗ ಗ್ರೀಸ್ ಬೇಡ, ಗ್ಲಿಸರಿನ್ ಸವರಿ.

ಬಾವಿನೀರನ್ನು ಎಂಜಿನ್ನಿನೊಳಗೆ ಸುತ್ತುವ ಸಿಹಿನೀರಿನ ದಾರಿಗೆ ಮಾತ್ರ ತುಂಬಬೇಡಿ. ಅಲ್ಲಿಗೆ ಬ್ಯಾಟರಿಗೆ ಹಾಕುವ ಶುದ್ಧ ನೀರೇ ಬೇಕು, ಕೂಲಂಟೂ ಬೇಕು. ಹಿಮ ಬೀಳದ ಊರಿನಲ್ಲಿ ಕೂಲಂಟ್ ಯಾಕೆ ಎಂದು ಕೇಳುವವರಿದ್ದಾರೆ. ನಮಗೆ ಬೇಕಾಗಿರುವುದು ಅದರಲ್ಲಿರುವ ತುಕ್ಕುನಿರೋಧಕ ಅಂಶ.

ಮಲ್ಪೆ ಟ್ರಾಲ್ ಬೋಟ್
ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ಎಕ್ಸ್‌ಚೇಂಜರಿನ ಎರಡೂ ಕಡೆಯ ಮುಚ್ಚಳ ಬಿಚ್ಚಿದೆವು. ಒಳಬರುವ ಬಾಯಿಯ ಬಳಿ ಒಂದು ರೆಕ್ಕೆ ಇಡಿಯಾಗಿ ಸಿಕ್ಕಿತು, ಹಲವು ಕೊಳವೆಗಳು ಚಿಪ್ಪಿನ ಚೂರುಗಳಿಂದ ಮುಚ್ಚಿಹೋಗಿದ್ದವು. ಉಳಿದ ಲೋಹದ ಬದಲು ತಾನೇ ಸವೆಯಲೆಂದು ಹಾಕುವ ಜಿಂಕ್ ಕಡ್ಡಿ ಇರಬೇಕಾದಲ್ಲಿ ಅದರ ಹಿತ್ತಾಳೆಯ ಬಿರಡೆ ಮಾತ್ರ ಉಳಿದಿತ್ತು. ಅರ್ಧ ಸವೆದಾಗಲೇ ಬದಲಾಯಿಸಬೇಕಿದ್ದ ಆ ಕಡ್ಡಿಯನ್ನು ನಾವು ಋತುವಿಡೀ ನೋಡಿರಲಿಲ್ಲ. ಅದು ಮುಗಿದ ಮೇಲೆ ಉಪ್ಪುನೀರು ಎಕ್ಸ್‌ಚೇಂಜರಿನ ಲೋಹವನ್ನೇ ತಿನ್ನತೊಡಗಿರಬೇಕು. ಮುಚ್ಚಳದ ಅಂಚಿನಲ್ಲಿ ಸಣ್ಣ ಕುಳಿಗಳು ಕಾಣುತ್ತಿವೆ. ಕೊಳವೆಗಳನ್ನು ಮರದ ಕಡ್ಡಿಯಿಂದ ಬಿಡಿಸಿ, ಸಿಟ್ರಿಕ್ ಆಸಿಡಿನಲ್ಲಿ ಇಟ್ಟಿದ್ದೇವೆ. ಥರ್ಮೋಸ್ಟಾಟ್ ಪಾತ್ರೆಯ ನೀರಿನಲ್ಲಿ ಸರಿಯಾಗಿ ತೆರೆಯಿತು, ಅದನ್ನು ಮರಳಿ ಹಾಕುತ್ತೇವೆ. ಎರಡನೆಯ ರೆಕ್ಕೆ ಇನ್ನೂ ಸಿಕ್ಕಿಲ್ಲ.

ಬಂದರಿನ ಮೆಕ್ಯಾನಿಕ್
ಪಂಪಿನಿಂದ ಎಕ್ಸ್‌ಚೇಂಜರಿಗೆ ಹೋಗುವ ದಾರಿಯಲ್ಲಿ ಗೇರ್ ಆಯಿಲ್ ಕೂಲರ್ ಇದ್ದರೆ ಅದರ ಬಾಯಿಯನ್ನೂ ಬಿಚ್ಚಿ ನೋಡಿ. ಸಿಗುವವರೆಗೆ ಹೋಸ್ ಕ್ಲಿಪ್ಪುಗಳನ್ನು ಬಿಗಿಯಬೇಡಿ. ನಾಳೆ ಬೆಳಿಗ್ಗೆ ನಾನೇ ದಕ್ಕೆಗೆ ಬರುತ್ತೇನೆ.